ಜಾನೀನ್ ಹೇಳಿದ ಹೆಸರು

ಕುವೈತಿನ ಫರ್ವಾನಿಯಾದಲ್ಲಿ ಮೊದಲ ಬಸ್ಸಿಗೆ ಕಾಯುವವರ ನಡುವೆ ಆಲಿವ್ ಡಿಸಾ ನಿಂತಿದ್ದಾರೆ. ಬೆಳಕು ಹರಿಯುವ ಹೊತ್ತಿಗೇ ಸೆಕೆ. ಸಲ್ವಾದ ಫ್ಲ್ಯಾಟ್ ತಲುಪಿದವರೇ ಚಪ್ಪಲಿಯನ್ನೂ ಬಿಡದೆ ಒಳಕೋಣೆಗೆ ಇಣುಕುತ್ತಾರೆ. ಮಂಚದ ಮೇಲೆ ಜಾನೀನ್ ಮಲಗಿದ್ದಾರೆ. ಹೊದಿಕೆ ಏರಿಳಿಯುವುದು ಕಂಡ ಮೇಲಷ್ಟೇ ಆಲಿವ್ ಚೀಲ ಕೆಳಗಿಡುತ್ತಾರೆ.

ಕಿನ್ನಿಗೋಳಿ ಕಡೆಯ ಆಲಿವ್, ಗಂಡ ತೀರಿಕೊಂಡ ವರ್ಷ ಕುವೈತಿಗೆ ಬಂದವರು. ಅಂದಿನಿಂದ ವಯಸ್ಸಾದವರನ್ನು ನೋಡಿಕೊಳ್ಳುವುದೇ ಕೆಲಸ: ಮೀಯಿಸುವುದು, ಉಣಿಸುವುದು, ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚುವುದು. ಎಂಬತ್ತು ದಾಟಿದ ಜಾನೀನ್ ಕೆನಡಾದ ಕ್ವಿಬೆಕ್‌ನವರು, ಮನೆಮಾತು ಫ್ರೆಂಚ್. ಜೊತೆಗಿರುವ ಮಗ ಲೂಕ್ ಮೀನಾ ಅಬ್ದುಲ್ಲಾದ ತೈಲ ಸಂಸ್ಕರಣಾಗಾರದಲ್ಲಿ ಎಂಜಿನಿಯರ್. ತಾಯಿಯ ನೆನಪು ಮಾಸುತ್ತಿರುವುದು ಕಂಡು ಅವರು ಪ್ರತಿ ಶುಕ್ರವಾರ ಎದುರು ಕೂತು ಪೂರ್ವಿಕರ ಬಗ್ಗೆ ಕೇಳುತ್ತಾರೆ. ಚಹಾ ತರುವ ಆಲಿವ್ ಕಿವಿಗೂ ಅದು ಬೀಳುತ್ತದೆ; ತಿಳಿಯದ್ದನ್ನು ಲೂಕ್ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಕ್ವಿಬೆಕ್‌ನಲ್ಲಿ ಮದುವೆಯಾದ ಹೆಣ್ಣಿಗೆ ಕಾಗದಪತ್ರಗಳಲ್ಲಿ ತವರಿನ ಹೆಸರೇ. ಹಾಗಾಗಿ ಮಗನ ಅಡ್ಡಹೆಸರು ಗಾನ್ಯೋ, ತಾಯಿಯದು ಊದೋ. ಸಾಲದ್ದಕ್ಕೆ ಹಳೆಯ ಮನೆತನಗಳಿಗೆ ಇನ್ನೊಂದು ಕರೆಯುವ ಹೆಸರೂ ಇರುತ್ತಿತ್ತು. ಜಾನೀನ್ ತವರಿನವರನ್ನು ಹಳ್ಳಿಯಲ್ಲಿ ಬೋಲಿಯೊ ಎನ್ನುತ್ತಿದ್ದರಂತೆ. ಆಲಿವ್‌ಗೆ ಇದು ಹೊಸದೆನಿಸಲಿಲ್ಲ. "ನಮ್ಮಲ್ಲೂ ಹಾಗೆಯೇ ಅಲ್ವಾ? ಇಗರ್ಜಿಯ ದಾಖಲೆಯಲ್ಲಿ ಡಿಸಾ. ಊರಿನ ಹಳಬರಿಗೆ ನಾವು ಈಗ್ಲೂ ಪ್ರಭುಗಳ ಮನೆಯವರು."

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಆಲಿವ್ ತಿಂಡಿ ಮಾಡಿ ಬರುವಷ್ಟರಲ್ಲಿ ಮಂಚ ಖಾಲಿ, ಬಾಗಿಲು ತೆರೆದಿತ್ತು. ಇನ್ಸುಲಿನ್ ಕೊಟ್ಟಿರಲಿಲ್ಲ. ಕೆಳಗಿನ ಅಂಗಡಿಯ ಉಮ್ಮರಬ್ಬ ಬಾಗಿಲೆಳೆದು ತಾವೂ ಹುಡುಕಲು ಹೊರಟರು. "ಆ ಬಿಸಿಲಿಗೆ ಪ್ರಾಯದವರೇ ಬೀಳ್ತಾರೆ. ಇಲ್ಲಿರ್ಲಿಕ್ಕೆ ಬೇಕಾದ ಇಕಾಮಾ ಹೋದ್ರೆ ಹೋಗ್ಲಿ, ಅಮ್ಮ ಸಿಕ್ಕಿದ್ರೆ ಸಾಕು ಅಂತ ಓಡಿದ್ದು" ಎನ್ನುತ್ತಾರೆ ಆಲಿವ್.

ಸುದ್ದಿ ತಿಳಿದ ಲೂಕ್ ಕಾರಿನಲ್ಲಿ ಬರುವ ದಾರಿಯಲ್ಲೇ ಪೊಲೀಸರಿಗೆ, ಆಸ್ಪತ್ರೆಗಳಿಗೆ ಫೋನ್ ಮಾಡಿದರು. ಊದೋ ಎಂಬವರಿಲ್ಲ, ಗಾನ್ಯೋ ಎಂಬವರೂ ಇಲ್ಲ. ಹಾಗೆಂದು ಅವರು ಆಲಿವ್‌ಗೆ ಫೋನಿನಲ್ಲಿ ತಿಳಿಸಿದರು. ಆಗ ಆಲಿವ್‌ಗೆ ಹೊಳೆಯಿತು. ಈಚೆಗೆ ಜಾನೀನ್ ತಾವಿನ್ನೂ ಆ ತವರುಹಳ್ಳಿಯ ಹುಡುಗಿಯೆಂದೇ ತಿಳಿದಿದ್ದರು. ಯಾರಾದರೂ ಹೆಸರು ಕೇಳಿದರೆ ಮತ್ತೇನು ಹೇಳಿಯಾರು?

"ಬೋಲಿಯೊ ಅಂತ ಕೇಳಿ, ಸರ್" ಎಂದರು.

ಹತ್ತಿರದ ಕ್ಲಿನಿಕ್ಕೊಂದರಲ್ಲಿ ಆ ಹೆಸರಿನವರಿದ್ದರು. ಬಸ್ ಸ್ಟಾಪಿನಲ್ಲಿ ಕುಸಿದಿದ್ದವರನ್ನು ಟ್ಯಾಕ್ಸಿಯವನೊಬ್ಬ ತಂದು ಸೇರಿಸಿದ್ದ. ಅವರ ಕಾಯಿಲೆ, ಔಷಧಿ ಯಾವುದೂ ಅಲ್ಲಿಯವರಿಗೆ ತಿಳಿದಿರಲಿಲ್ಲ. ಫೋನಿನಲ್ಲೇ ಲೂಕ್ ಎಲ್ಲ ಹೇಳಿದರು. ಆಲಿವ್ ಹೋಗಿ ಕೈ ಹಿಡಿದಾಗ ಜಾನೀನ್ ಕಣ್ಣು ತೆರೆದು, ಇಷ್ಟು ತಡವೇಕೆ ಎಂದು ಗದರಿದರಂತೆ.

ಕೆಲಸ ಹೋಗಲಿಲ್ಲ. ಭಯವೂ ಹೋಗಿಲ್ಲ. ಈಗಲೂ ಆ ಫ್ಲ್ಯಾಟಿನಲ್ಲಿ ಆಲಿವ್ ಬಚ್ಚಲಿಗೆ ಹೋದರೆ ಕದವನ್ನು ಪೂರ್ತಿ ಮುಚ್ಚುವುದಿಲ್ಲ, ಕಿವಿ ಹೊರಗೇ ಇರುತ್ತದೆ.

ಬರುವ ಜನವರಿಯಲ್ಲಿ ಅವರ ಮಗಳು ಕ್ಲಾರಿಸ್ಸಾಳ ಮದುವೆ. ಗಂಡನ ಹೆಸರು ಸೇರಿಸಿಕೊಳ್ಳುವುದು ಬಿಡುವುದು ಅವಳಿಷ್ಟ ಎನ್ನುತ್ತಾರೆ ಆಲಿವ್. ಅವರ ಆಸೆ ಬೇರೆಯೇ.

"ನಮ್ಮ ಮನೆಯ ಹಳೆ ಹೆಸರು ಎಂತ ಅಂತ ಅಳಿಯನಿಗೂ ಹೇಳಿ ಕಳಿಸ್ಬೇಕು. ಪ್ರಾಯವಾದ ಮೇಲೆ ಇವಳು ಎಲ್ಲಿಯಾದ್ರೂ ದಾರಿ ತಪ್ಪಿದ್ರೆ, ಹುಡುಕುವವರಿಗೆ ಗೊತ್ತಿರ್ಬೇಕಲ್ಲ."