ಯಮನವ್ವ ಗಂಡನಿಗೆಂದು ಉಳಿಸಿಟ್ಟ ಹಾಡು

ಯಮನವ್ವನ ಗಂಟಲೊಳಗಿನ ಚಿತ್ರ ನಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಈಗಲೂ ಇದೆ. ಅವಳ ಮುಖದ ಫೋಟೊ ಮಾತ್ರ ಯಾರ ಹತ್ತಿರವೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಿದ್ದನ್ನೂ ಬಿಡದೆ ಬರೆಯುತ್ತೇನೆ.

ನನ್ನ ಹೆಸರು ಶೈಲಾ. ಅಪ್ಪ ಬಾಗಲಕೋಟೆಯಿಂದ ಪುಣೆಗೆ ಬಂದು ಬಟ್ಟೆ ಅಂಗಡಿ ಇಟ್ಟವರು. ನಾನು ಇಲ್ಲೇ ಓದಿ ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಆದೆ. ದನಿ ಕೆಟ್ಟವರಿಗೆ, ದನಿ ಹೋದವರಿಗೆ ಮತ್ತೆ ಮಾತು ಕಲಿಸುವ ಕೆಲಸ. ಸುರಪುರ, ಯಾದಗಿರಿ ಕಡೆಯ ಕೂಲಿಯವರು ಬಂದರೆ ವೈದ್ಯರ ಮರಾಠಿಯನ್ನು ಅವರಿಗೆ ಕನ್ನಡದಲ್ಲಿ ಹೇಳುವುದೂ ನನ್ನ ತಲೆಗೇ ಕಟ್ಟಿದ್ದು. ಹೆಚ್ಚಿನವರು ಏನು ಹೇಳಿದರೂ ತಲೆಯಾಡಿಸಿಬಿಡುತ್ತಾರೆ. ಯಮನವ್ವ ಹಾಗಲ್ಲ, ಒಂದಕ್ಕೆ ಹತ್ತು ಪ್ರಶ್ನೆ ಕೇಳುವ ಹೆಂಗಸು.

ಊರ ಹೊರಗೆ, ಕಾತ್ರಜದಾಚೆಯ ತಗಡಿನ ಶೆಡ್ಡುಗಳಲ್ಲಿ ಅವಳ ಮನೆ. ಸ್ಲ್ಯಾಬ್ ಹಾಕುವ ದಿನ ಬುಟ್ಟಿ ಸಾಗಿಸುವ ಕೆಲಸ. ಆದರೆ ಶೆಡ್ಡಿನವರಿಗೆ ಅವಳು ಬೇಕಾಗಿದ್ದುದು ಬೇರೆಯದಕ್ಕೆ. ಅಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಕೂತು ಹಾಡ್ಯಾಡಿ ಅಳಲು ಅವಳನ್ನೇ ಕರೆಯುತ್ತಿದ್ದರು. ಸತ್ತವನ ಊರು, ಅವನ ಕೆಲಸ, ಅವನು ಉಂಡದ್ದು, ಉಣ್ಣದೆ ಹೋದದ್ದು, ಎಲ್ಲವನ್ನೂ ಹಾಡಿನಲ್ಲಿ ಕಟ್ಟಿ ಅಳುವುದು ಅವರ ಕಡೆಯ ಪದ್ಧತಿ. ಊರಲ್ಲಾದರೆ ಅಕ್ಕತಂಗಿಯರು ಅಳುತ್ತಾರೆ. ಪುಣೆಯಲ್ಲಿ ಯಾರಿದ್ದಾರೆ? ಹಾಗೆ ಅಳದೆ ಹೆಣ ಎತ್ತಿದರೆ ನಾಯಿ ಸತ್ತ ಹಾಗೆ ಅಂತ ಅವರ ನಂಬಿಕೆ.

ಹಾಡಲಿಕ್ಕೆ ಬೇಕಾದ ಆ ದನಿಯೇ ಕಟ್ಟಿತ್ತು. ಸಿಮೆಂಟಿನ ಧೂಳು ಅಂತ ಎಂಟು ತಿಂಗಳು ಸುಮ್ಮನಿದ್ದಳು. ಜೇಜುರಿಯ ಖಂಡೋಬನ ಗುಡಿಗೆ ಹೋಗಿ ಹರಕೆ ಹೊತ್ತು, ದಿನಾ ಮುಂಜಾನೆ ಅಲ್ಲಿಯ ಅರಿಶಿನದ ಭಂಡಾರವನ್ನು ಚಿಟಿಕೆಯಷ್ಟು ನುಂಗಿದಳು. ಸುಟ್ಟ ತಂಬಾಕಿನ ಪುಡಿ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವುದನ್ನು ಮಾತ್ರ ಬಿಡಲಿಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಗಡ್ಡೆ ಧ್ವನಿಪೆಟ್ಟಿಗೆಯನ್ನೆಲ್ಲ ಹಿಡಿದಿತ್ತು. ಪೂರ್ತಿ ತೆಗೆಯಬೇಕು, ಇನ್ನು ಕುತ್ತಿಗೆಯ ತೂತಿನಲ್ಲೇ ಉಸಿರಾಟ ಎಂದರು ನಮ್ಮ ಮುಖ್ಯಸ್ಥರಾದ ಪ್ರಣವ ಸರ್. ನಾನು ಇದನ್ನು ಹೇಳಿದಾಗ ಅವಳು ಅಳಲಿಲ್ಲ.

"ಹದಿನೈದು ದಿನ ತಡೀರಿ ಬಾಯಾರ," ಎಂದಳು ಒಡಕು ದನಿಯಲ್ಲಿ. "ನಮ್ಮ ಮನಿಯವ್ರು ಭಾಳ ದಿನ ಉಳಿಯಂಗಿಲ್ಲ. ಅವ್ರನ್ನ ಅತ್ತು ಕಳಿಸ್ತೀನಿ. ಆಮ್ಯಾಲ ನನ್ನ ಕುತ್ಗಿ ಏನರ ಮಾಡ್ಕೋರಿ."

ಅವಳ ಗಂಡ ತಾಯಪ್ಪ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರಶಿ ಕಲ್ಲು ಕೊಯ್ದವನು. ಎದೆಯ ತುಂಬ ಕಲ್ಲಿನ ಪುಡಿ. ಆಸ್ಪತ್ರೆಯವರು ಕೈಬಿಟ್ಟ ಮೇಲೆ ಶೆಡ್ಡಿನಲ್ಲಿ ಮಲಗಿದ್ದ.

"ಮಂದಿ ಗಂಡಂದ್ರನ್ನೆಲ್ಲ ಅತ್ತು ಕಳಿಸೀನಿ. ನನ್ನ ಗಂಡಗ ಅಳಾಕ ದನಿ ಇಲ್ಲಂದ್ರ ಹ್ಯಾಂಗ್ರಿ?"

ಲಿಫ್ಟಿನ ಗುಂಡಿಗೆ ಬಿದ್ದು ಸತ್ತ ಗೌಂಡಿಯೊಬ್ಬನಿಗೆ ಕಟ್ಟಿದ್ದ ಸಾಲೊಂದನ್ನು ಅಲ್ಲೇ ಹಾಡಿ ತೋರಿಸಿದಳು. 'ಮಂದಿಗಿ ಮಾಳಗಿ ಕಟ್ಟಿದಿ, ನಿನಗೊಂದು ಹೊಸ್ತಲಾ ಸಿಗಲಿಲ್ಲೋ ನನ್ನಪ್ಪಾ.' ದನಿ ಸೀಳಿಹೋಗಿತ್ತು. ಆದರೂ ನನ್ನ ಮೈ ಜುಮ್ ಎಂದಿತು.

ಪ್ರಣವ ಸರ್‌ಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಎರಡು ವಾರ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ. ವರ್ಕ್‌ಶಾಪಿಗೆ ಬೇರೆಯವರನ್ನು ನೋಡೋಣ. ಯಾವಾಗ ಅಂತ ಯಮನವ್ವನನ್ನೇ ಕೇಳು," ಎಂದರು. ಅವರ ಮೇಲೆ ತಪ್ಪು ಹೊರಿಸಲು ನನಗೆ ಜಾಗವೇ ಇಲ್ಲ.

ವರ್ಕ್‌ಶಾಪು ಅಂದರೆ, ನಾಲ್ಕು ದಿನ ಬಿಟ್ಟು ಊರೂರಿನಿಂದ ಅರವತ್ತು ಮಂದಿ ಗಂಟಲಿನ ವೈದ್ಯರು ಕಲಿಯಲು ಬರುವವರಿದ್ದರು. ಒಳಗೆ ಯಮನವ್ವನ ಆಪರೇಷನ್, ಹೊರಗೆ ಸಭಾಂಗಣದಲ್ಲಿ ಅದನ್ನು ತೋರಿಸುವ ದೊಡ್ಡ ಪರದೆ. ಅದಾದ ಮೇಲೆ ದನಿ ಹೋದವರಿಗೆ ಮಾತು ಕಲಿಸುವ ಬಗ್ಗೆ ನನ್ನದೇ ಭಾಷಣ. ಆರು ವರ್ಷ ಕಾದು ಸಿಕ್ಕ ವೇದಿಕೆ! ನಾಲ್ಕು ದಿನದಲ್ಲಿ ಅಂಥ ಇನ್ನೊಬ್ಬ ರೋಗಿ ಎಲ್ಲಿ ಸಿಗಬೇಕು? ರೋಗಿಯೇ ಇಲ್ಲವಾದರೆ ಭಾಷಣವೂ ಇಲ್ಲ.

ವಾರ್ಡಿಗೆ ಹೋಗಿ ಅವಳ ಮಂಚದ ಮೇಲೆ ಕೂತೆ. "ಯಮನವ್ವ, ಸುಮ್ಮನ ಹೆದರಬ್ಯಾಡ. ಹತ್ತು ದಿನಕ್ಕ ದನಿ ಬರ್ತದ. ಕುತ್ತಿಗ್ಗೆ ಒಂದು ಸಣ್ಣ ಬಿರಡಿ ಹಾಕ್ತಾರ. ಮೊದಲಿನಕಿಂತ ಛಲೋ ಹಾಡ್ತಿ," ಎಂದೆ.

ಹಸಿ ಸುಳ್ಳು. ಬಿರಡಿಯಂತಹ ಆ ಕವಾಟ ಹಾಕಿಸಿಕೊಂಡು ತಿಂಗಳುಗಟ್ಟಲೆ ಕಲಿತರೆ ಡಬ್ಬಿಯೊಳಗಿಂದ ಬಂದಂತಹ ಸಪಾಟು ಮಾತು ಬರುತ್ತದೆ. ಆ ದನಿಯಲ್ಲಿ ಹಾಗೆ ಹಾಡಿ ಅಳಲಾಗುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ನನ್ನ ಭಾಷಣದ ವಿಷಯ.

"ಖರೇನ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೌದು ಅಂದೆ. ಹೆಬ್ಬೆಟ್ಟು ಒತ್ತಿದಳು. ಶಾಯಿಯನ್ನು ನಾನೇ ಹತ್ತಿಯಿಂದ ಒರೆಸಿದೆ.

ಆಪರೇಷನ್ ಚೆನ್ನಾಗಿ ಆಯಿತು. ಪರದೆಯ ಮುಂದೆ ಕೂತಿದ್ದ ವೈದ್ಯರು ಚಪ್ಪಾಳೆ ತಟ್ಟಿದರು. ನನ್ನ ಭಾಷಣಕ್ಕೂ ತಟ್ಟಿದರು, ಸರ್ಟಿಫಿಕೇಟ್ ಕೊಟ್ಟರು. ಯಮನವ್ವನಿಗೆ ಎಚ್ಚರವಾದಾಗ ವಾರ್ಡಿನವರು ಬರೆದು ತೋರಿಸು ಅಂತ ಪಾಟಿ, ಬಳಪ ಕೊಟ್ಟಿದ್ದರು. ಅಕ್ಷರ ಬಾರದವಳಿಗೆ! ಅವಳು ಪಾಟಿಯ ಮೇಲೆ ಗೆರೆ ಎಳೆಯುತ್ತಿದ್ದಳು. ದಿನಕ್ಕೊಂದು. ನಾನು ಹೋದಾಗಲೆಲ್ಲ ಎಣಿಸಿ ತೋರಿಸುವಳು. ನಾಲ್ಕು, ಐದು, ಆರು. ಆಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಹತ್ತನೆಯ ದಿನ ಬೆಳಿಗ್ಗೆ ತಾಯಪ್ಪ ತೀರಿಕೊಂಡ. ಮೂಗಿನಲ್ಲಿ ಊಟದ ನಳಿಕೆ, ಕುತ್ತಿಗೆಗೆ ಪಟ್ಟಿ ಇದ್ದ ಹಾಗೆಯೇ ಅವಳನ್ನು ರಿಕ್ಷಾದಲ್ಲಿ ಶೆಡ್ಡಿಗೆ ಕರೆದೊಯ್ದೆ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಕಳಿಸಲು ಮುಖವಿರಲಿಲ್ಲ.

ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ಇವಳಿಗಾಗಿ ಕಾಯುತ್ತಿದ್ದರು, ಯಾವಾಗಲೂ ಮೊದಲ ಸಾಲು ಇವಳದೇ. ಯಮನವ್ವ ಗಂಡನ ಮುಂದೆ ಕೂತಳು. ಅವನ ಮೊಣಕಾಲ ಮೇಲೆ ಕೈಯಿಟ್ಟು ಬಾಯಿ ತೆರೆದಳು. ತುಟಿ ಆಡಿದವು. ಹಾಡು ಪೂರ್ತಿ ಇತ್ತು, ನನಗೆ ಕಾಣುತ್ತಿತ್ತು. ಅವಳು ಎಷ್ಟೋ ದಿನದಿಂದ ಕಟ್ಟಿಟ್ಟದ್ದು. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಸುಯ್ಯೆಂದು ಬಂತು, ಪಟ್ಟಿ ತೊಯ್ದಿತು.

ತಿರುಗಿ ನನ್ನನ್ನು ನೋಡಿದಳು. ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದಳು. ಆಮೇಲೆ ನನ್ನ ಗಂಟಲನ್ನು ಮುಟ್ಟಿ, ಗಂಡನ ಕಡೆ ಕೈ ಮಾಡಿದಳು. ನೀನು ಅಳು ಅಂತ.

ಅಯ್ಯೋ ಶಿವನೇ, ನನಗೇನು ಬರುತ್ತದೆ? ನಮ್ಮ ಮನೆಯಲ್ಲಿ ಸೆರಗು ಬಾಯಿಗಿಟ್ಟು ಅಳುವವರು. ನನಗೆ ಗೊತ್ತಿದ್ದದ್ದು ಅವಳ ಆ ಒಂದೇ ಸಾಲು. ಅದನ್ನೇ ಹಿಡಿದೆ. "ಮಂದಿಗಿ ಮಾಳಗಿ ಕಟ್ಟಿದಿ..." ದನಿ ಸ್ವಚ್ಛವಾಗಿ ಬಂತು. ಹಿಂದೆ ಯಾರೂ ದನಿ ಕೂಡಿಸಲಿಲ್ಲ. ಎರಡನೆಯ ಸಾಲಿಗೆ ತಡವರಿಸಿ ನಿಂತೆ.

ಹಿಂದಿನಿಂದ ಯಾರೋ ಮುದುಕ ಹೇಳಿದ: "ಸಾಕು ಬಿಡ್ರಿ ಬಾಯಾರ. ಹೊತ್ತಾತು. ಎತ್ರೆಪಾ."

ಎತ್ತಿದರು.