ಕೈಗೆ ಬಂದ ಚಿಪ್ಪು

ಗುಬ್ಬಿಯ ನಮ್ಮ ಕೊಬ್ಬರಿ ಅಂಗಡಿಯಲ್ಲಿ ತಕ್ಕಡಿ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸವಾಗಿತ್ತು. ತುಮಕೂರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಬಂದ ಮೇಲೂ ಅಣ್ಣ ನನ್ನನ್ನು ಅಲ್ಲಿಂದ ಏಳಿಸಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕುಣಿಗಲ್‌ನ ಒಂದು ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂತು. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ವಿಷಯ ನಮ್ಮಿಷ್ಟ. ಇದೂ ತಪ್ಪಿದರೆ ತಕ್ಕಡಿಯೇ ಗತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಆರಿಸಿಕೊಂಡದ್ದು ಸ್ಕ್ಯಾಲಪ್ ಎಂಬ ಸಮುದ್ರದ ಕಪ್ಪೆಚಿಪ್ಪನ್ನು. ಕಾಲೇಜಿನ ಟೂರಿಗೆ ಹೋಗಿದ್ದ ಗೆಳತಿ ಕಾರವಾರದಿಂದ ಅದರ ಖಾಲಿ ಚಿಪ್ಪೊಂದನ್ನು ತಂದುಕೊಟ್ಟಿದ್ದಳು. ಹೆಬ್ಬೆರಳ ಉಗುರಿನಷ್ಟು ಪುಟ್ಟದು. ಬೀಸಣಿಗೆಯ ಆಕಾರ, ಮೈತುಂಬ ಏಣುಗೆರೆ, ಬುಡದಲ್ಲಿ ಆಚೀಚೆ ಎರಡು ಕಿವಿ. ಹೊರಡುವಾಗ ಅಣ್ಣ ಅದನ್ನು ನೋಡಿ ನಕ್ಕ.

“ಸಮುದ್ರಾನೇ ನೋಡಿಲ್ಲ, ಸಮುದ್ರದ ಪಾಠ ಮಾಡ್ತಾಳಂತೆ. ಕೊನೆಗೆ ಕೈಗೆ ಚಿಪ್ಪೇ ಕಣೇ. ಸಂಜೆ ಬೇಗ ಬಾ, ಲೋಡ್ ಬರ್ತದೆ.”

ಮೈಯೆಲ್ಲ ಉರಿಯಿತು. ಬಸ್ಸು ಹೆಬ್ಬೂರು ದಾಟಿದರೂ ಸಿಟ್ಟು ಇಳಿಯಲಿಲ್ಲ.

ತರಗತಿಯ ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಸು, ಅವರ ಪಕ್ಕದಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೂತಿದ್ದರು. ಚಿಪ್ಪನ್ನು ಮಕ್ಕಳ ಕೈಗೆ ಕೊಟ್ಟೆ. ಜೀವವಿದ್ದಾಗ ಇದರ ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಕಣ್ಣುಗಳಿರುತ್ತವೆ, ಮರಿಯಾಗಿದ್ದಾಗ ನೂಲಿನಂಥ ಎಳೆಗಳಿಂದ ಕಲ್ಲಿಗೆ ಅಂಟಿಕೊಂಡಿರುತ್ತದೆ, ತಿನ್ನಲು ಬರುವ ನಕ್ಷತ್ರಮೀನಿನ ವಾಸನೆ ಬಡಿದರೆ ಹಾರಿ ಓಡುತ್ತದೆ ಎಂದೆ.

“ಕಾಲಿಲ್ದೆ ಹೆಂಗೆ ಓಡ್ತದೆ ಮಿಸ್?” ಎಂದಳು ಮುಂದಿನ ಬೆಂಚಿನವಳು.

ಈ ಪ್ರಶ್ನೆಗೇ ಕಾಯುತ್ತಿದ್ದೆ. ಬಕೆಟ್ಟಿನಲ್ಲಿ ನೀರು ತರಿಸಿ, ಅಂಗೈಗಳನ್ನು ಮಣಿಕಟ್ಟಿನ ಬಳಿ ಜೋಡಿಸಿ, ಬೆರಳ ತುದಿಗಳು ಮೊದಲು ಕೂಡುವಂತೆ ನೀರೊಳಗೇ ಚಪ್ಪಾಳೆ ತಟ್ಟಿದೆ. ಮಣಿಕಟ್ಟಿನ ಪಕ್ಕದಿಂದ ನೀರು ಹಿಂದಕ್ಕೆ ನುಗ್ಗಿತು. ಚಿಪ್ಪೂ ಹೀಗೇ ಬಾಯಿ ತೆರೆದು ಮುಚ್ಚಿ, ನೀರನ್ನು ಹಿಂದೆ ಚಿಮ್ಮಿಸಿ, ತಾನು ಮುಂದೆ ನೆಗೆಯುತ್ತದೆ ಎಂದೆ. ಮಕ್ಕಳು ಬಕೆಟ್ಟಿಗೆ ಮುಗಿಬಿದ್ದರು. ನನಗೆ ಖುಷಿಯೋ ಖುಷಿ.

“ಸಮುದ್ರ ನೋಡಿದೀಯೇನಮ್ಮ?” ಎಂದರು ಹಿರಿಯರು.

“ಇಲ್ಲ ಸಾರ್. ಚಂದ್ರನ ಮೇಲೆ ಹೋಗ್ದೇನೇ ಗ್ರಹಣದ ಪಾಠ ಮಾಡಲ್ವಾ?”

ಅವರು ಹೆಡ್‌ಮಿಸ್ಸಿನ ಮುಖ ನೋಡಿದರು. ಆಕೆ ನಗುತ್ತಾ, ಸೋಮವಾರದಿಂದಲೇ ಬಂದುಬಿಡಿ ಎಂದರು.

ಸಂಜೆ ಅಂಗಡಿಗೆ ಬಂದಾಗ ಲೋಡು ಇಳಿಯುತ್ತಿತ್ತು. ಅಣ್ಣ ತಕ್ಕಡಿಯ ಪಕ್ಕದ ಸ್ಟೂಲನ್ನು ನನಗೆಂದು ಖಾಲಿ ಇಟ್ಟಿದ್ದ.

“ಏನಾಯ್ತೇ?”

“ಕೈ ಚಾಚು.”

ಚಾಚಿದ. ಅಂಗೈ ಮೇಲೆ ಆ ಪುಟ್ಟ ಚಿಪ್ಪನ್ನಿಟ್ಟೆ.

“ಸೋಮವಾರದಿಂದ ತಕ್ಕಡಿ ನೀನೇ ನೋಡ್ಕೋ ಕಣಣ್ಣ.”