ದೋಣಿಯಲ್ಲಿ ನನ್ನ ಜಾಗ

ನನ್ನ ಕಸುಬು ನೀರನ್ನು ಮೇಲಕ್ಕೆತ್ತುವುದು. ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು, ಅರಕಲಗೂಡು ಕಡೆಯ ಆಲೂಗಡ್ಡೆ ಹೊಲಗಳಿಗೂ ಚನ್ನರಾಯಪಟ್ಟಣ ಕಡೆಯ ತೆಂಗಿನ ತೋಟಗಳಿಗೂ ಮೋಟಾರು ಇಳಿಸಿಕೊಂಡು ಬಂದವನು. ನೀರು ಪೈಪಿನೊಳಗಿರಬೇಕು ಎಂಬುದು ನನ್ನ ನಂಬಿಕೆ. ಅದರ ಮೇಲೆ ಕೂತು ತೇಲುವುದು, ಅದೂ ಸುಮ್ಮನೆ ಖುಷಿಗೆ ಅಂತ, ನನ್ನ ಹಣೆಯಲ್ಲಿ ಬರೆದಂತಿರಲಿಲ್ಲ.

ಯಾವುದಕ್ಕೂ ನೇರವಾಗಿ ಹೂಂ ಅನ್ನುವ ಅಭ್ಯಾಸವೂ ನನಗಿಲ್ಲ. ಬೋರ್‌ವೆಲ್ಲಿಗೆ ಮೋಟಾರು ಬಿಡುವಾಗ ರೈತ “ನೀರು ಬತ್ತದಾ ಸಾ?” ಅಂದರೆ “ಬರಬಹುದು” ಅನ್ನುತ್ತೇನೆ. “ಬತ್ತದೋ ಇಲ್ವೋ ಒಂದ್ ಮಾತ್ ಯೋಳಿ ಸಾ” ಅಂದರೆ “ಬರದೆ ಏನು, ನೋಡೋಣ” ಅನ್ನುತ್ತೇನೆ. ಹೂಂ ಅಂದುಬಿಟ್ಟರೆ ಆಮೇಲೆ ಆಗುವುದಕ್ಕೆಲ್ಲ ನಾನೇ ಹೊಣೆ ಅನ್ನಿಸುತ್ತದೆ.

ಮಗಳು ಕುಂದಾಪುರದ ಹುಡುಗನನ್ನು ತಾನೇ ನೋಡಿಕೊಂಡು ಮದುವೆಯಾದಳು. ಹಾಗಾಗಿ ನನಗೆ ಕರಾವಳಿಯ ಬೀಗರು ಸಿಕ್ಕರು. ಅಳಿಯನ ಅಪ್ಪ ಹಡಗುಗಳ ಎಂಜಿನ್ ಕೋಣೆಯಲ್ಲೇ ಆಯಸ್ಸು ಕಳೆದು ನಿವೃತ್ತರಾದವರು. ಸಮುದ್ರ ಅವರಿಗೆ ಬೇಸರವಾಗಿರಲಿಲ್ಲ, ಎಂಜಿನ್ನಿನ ಸದ್ದು ಬೇಸರವಾಗಿತ್ತು. ಊರಿಗೆ ಬಂದವರೇ ಒಂದು ಹಳೆಯ ಹಾಯಿದೋಣಿ ಕೊಂಡು, ಅದಕ್ಕೆ ಬಣ್ಣ ಹೊಡೆದು, ಮಳೆಗಾಲ ಮುಗಿದ ಮೇಲೆ ಅದರಲ್ಲಿ ಓಡಾಡುವುದನ್ನೇ ಕೆಲಸ ಮಾಡಿಕೊಂಡರು. ಮೀನು ಹಿಡಿಯುವುದಿಲ್ಲ, ಸರಕು ಸಾಗಿಸುವುದಿಲ್ಲ. ಹೋಗಿ ಬರುವುದು, ಅಷ್ಟೇ.

ಮೊದಲ ಸಲ ಕರೆದಾಗ ನಾನು, “ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ತೊಂದರೆ” ಅಂದೆ. ಅವರು ಗಾಬರಿಯಿಂದ ನನ್ನ ಹೆಂಡತಿಯ ಮುಖ ನೋಡಿದರು.

“ಅವರು ಹಂಗೇ ಅನ್ನೋದು ಬೀಗರೇ. ಬತ್ತಾರೆ, ನಡೀರಿ,” ಅಂದಳು ಅವಳು. ಕೊಣನೂರಿನವಳು. ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾತಿಯಲ್ಲ.

ಬೆಳಿಗ್ಗೆ, ಹೊಳೆ ಸಮುದ್ರ ಸೇರುವ ಅಳಿವೆಯನ್ನು ಎಂಜಿನ್ ಹಾಕಿಯೇ ದಾಟಿದೆವು. ಲೈಫ್ ಜಾಕೆಟ್ಟನ್ನು ನಾನು ಬೀಗರ ಮನೆಯಲ್ಲೇ ತೊಟ್ಟುಕೊಂಡು ಹೊರಟಿದ್ದೆ, ತಿಂಡಿಯನ್ನೂ ಅದರಲ್ಲೇ ತಿಂದಿದ್ದೆ. ಅಳಿವೆ ದಾಟಿದ ಮೇಲೆ ಬೀಗರು ಎಂಜಿನ್ ಆರಿಸಿ ಹಾಯಿ ಏರಿಸಿದರು. ಬಟ್ಟೆ ಒಂದೆರಡು ಸಲ ಪಟಪಟ ಬಡಿದುಕೊಂಡು, ಗಾಳಿ ತುಂಬಿ ಸುಮ್ಮನಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿತು.

“ಮಗುಚ್ತಾ ಇದೆ!” ಅಂದೆ.

“ಇಲ್ಲ ಮಾರಾಯ್ರೆ, ಓಡ್ತಾ ಇದೆ,” ಅಂದರು ಬೀಗರು.

ನಿಜ, ಓಡುತ್ತಿತ್ತು. ಎಂಜಿನ್ ಇಲ್ಲದೆ, ಯಾರೂ ನೂಕದೆ. ಹಲಗೆಯ ಕೆಳಗೆ ನೀರು, ಹಾಲು ಉಕ್ಕುವ ಮುಂಚೆ ಪಾತ್ರೆಯಲ್ಲಿ ಮಾಡುವಂಥ ಸಣ್ಣ ಸದ್ದು ಮಾಡುತ್ತಿತ್ತು. ದಡ ಒಂದು ಉದ್ದನೆಯ ಹಸಿರು ಗೆರೆಯಾಗಿ ಪಕ್ಕದಲ್ಲೇ ಸರಿಯುತ್ತಿತ್ತು. ನಮ್ಮ ಹಾಸನದ ರಸ್ತೆಯಲ್ಲಿ ಹಾರ್ನು ಹೊಡೆದು ಅರ್ಧ ಜೀವ ತೆಗೆಯುವಂಥ ಬಸ್ಸುಗಳು ಇಲ್ಲಿ ದಡದ ಹೈವೇಯಲ್ಲಿ ಬೆಂಕಿಪೊಟ್ಟಣದಷ್ಟಿದ್ದವು, ಸದ್ದೇ ಇಲ್ಲ. ನನ್ನ ಕೈಗೊಂದು ಹಗ್ಗ ಕೊಟ್ಟಿದ್ದರು. ಎಳೀರಿ ಅಂದಾಗ ಎಳೆಯುವುದು, ಬಿಡಿ ಅಂದಾಗ ಬಿಡುವುದು. ಹೊಣೆ ಇಲ್ಲದ ಕೆಲಸ ಇಷ್ಟು ಸುಖ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದನ್ನು ಯಾರಿಗೂ ಹೇಳಲಿಲ್ಲ. ವಾಪಸು ಬರುವಷ್ಟು ಹೊತ್ತೂ ಆ ಮೋಡ ಯಾಕೆ ಹಾಗಿದೆ, ಆ ಗಂಟು ಬಿಚ್ಚಿಕೊಂಡರೆ ಹೇಗೆ, ದೋಣಿಯ ತಳದಲ್ಲಿರುವ ನೀರು ಬೆಳಿಗ್ಗೆಯೂ ಇತ್ತೇ ಎಂದು ಕೇಳುತ್ತಲೇ ಇದ್ದೆ.

ಹೀಗೇ ಕೆಲವು ಚಳಿಗಾಲ ಕಳೆದವು. ಪ್ರತಿ ಸಲವೂ ನಾನು ಬೇಡ ಅನ್ನುವುದು, ಹೆಂಡತಿ ಬತ್ತಾರೆ ಅನ್ನುವುದು, ಹಾಯಿಕಂಬದ ಎಡಕ್ಕಿರುವ ಹಲಗೆಯ ಮೇಲೆ ನಾನು ಹೋಗಿ ಕೂರುವುದು.

ಬೀಗರದು ಬೇರೆಯೇ ಕ್ರಮ ಎಂದು ಅವರು ನಮ್ಮೂರಿಗೆ ಬಂದಾಗಲೇ ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ಎಲೆ ಹಾಕಿ ಒಬ್ಬಟ್ಟು ಬಡಿಸಿದೆವು. ಎರಡಾದ ಮೇಲೆ ಅವರು ಸಾಕು ಅಂದರು. ನಮ್ಮ ಕಡೆ ಮೊದಲ ಸಾಕಿಗೆ ಯಾರು ನಿಲ್ಲಿಸುತ್ತಾರೆ? ಹಾಕಿದೆವು. ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಕೈ ಸಂದಿಯಲ್ಲೇ ಹಾಕಿದೆವು, ಮೇಲೆ ತುಪ್ಪ. ಎಲೆಯಲ್ಲಿ ಬಿಡಬಾರದು ಅಂತ ಬೆಳೆದ ಮನುಷ್ಯ, ಎಲ್ಲವನ್ನೂ ತಿಂದರು. ಸಂಜೆಯವರೆಗೆ ನಮ್ಮ ಹಜಾರದಲ್ಲಿ ಮಲಗಿದ್ದು, ಎದ್ದ ಮೇಲೆ ತುಂಬ ಮರ್ಯಾದೆಯಿಂದ ಕೇಳಿದರು: “ಬೀಗರೇ, ನಿಮ್ಮಲ್ಲಿ ಎಷ್ಟನೇ ಸಾಕಿಗೆ ಸಾಕು ಅಂತ ಲೆಕ್ಕ?”

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಈ ವರ್ಷ ಅವರು ಫೋನು ಮಾಡಿ, “ಈ ಸಲ ದೂರ ಹೋಗುವ. ಮರವಂತೆ ದಾಟಿ ಬೈಂದೂರಿನ ಹತ್ತಿರದ ತನಕ. ಅಲ್ಲಿ ಊಟ, ಸಂಜೆಗೆ ವಾಪಸ್. ನೀವು ಬರ್ತೀರಾ?” ಅಂದರು. ನನಗೆ ಆಗಲೇ ಹೊರಟುಬಿಡಬೇಕು ಅನ್ನಿಸಿತು. ಮಳೆಗಾಲವಿಡೀ ಅಂಗಡಿಯ ಗಲ್ಲಾದ ಹಿಂದೆ ಕೂತು, ಫೋನಿನಲ್ಲಿ ಕುಂದಾಪುರದ ಗಾಳಿ ಎಷ್ಟಿದೆ ಅಂತ ನೋಡುತ್ತಿದ್ದವನು ನಾನು. ಬಾಯಲ್ಲಿ ಬಂದದ್ದು ಮಾತ್ರ, “ನಾನ್ಯಾಕೆ ಬಿಡಿ, ನನ್ನಿಂದ ನಿಮಗೆಲ್ಲ ತೊಂದರೆ. ನೀವು ಹೋಗ್ಬನ್ನಿ.”

“ಆಯ್ತು,” ಅಂದರು ಬೀಗರು. ಫೋನು ಇಟ್ಟರು.

ಎರಡನೇ ಸಲ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ. ಕುಂದಾಪುರಕ್ಕೆ ಹೋದ ದಿನ ಸಂಜೆ, ಚಹಾ ಕುಡಿಯುತ್ತಾ ಬೀಗರು ಎಲ್ಲ ಯೋಚನೆ ಮಾಡಿದ್ದೇನೆ ಅನ್ನುವ ಸಮಾಧಾನದಲ್ಲಿ ವ್ಯವಸ್ಥೆ ವಿವರಿಸಿದರು. ದೋಣಿಯಲ್ಲಿ ಐದು ಜನ: ಅವರು, ಬೀಗಿತ್ತಿ, ನನ್ನ ಹೆಂಡತಿ, ಮಗಳು, ಅಳಿಯ. “ನಿಮಗೆ ಹೆದರಿಕೆ ಅಲ್ವಾ, ಪಾಪ, ಪ್ರತಿ ವರ್ಷ ಒತ್ತಾಯ ಮಾಡಿದ್ದು ನಮ್ಮದೇ ತಪ್ಪು. ನೀವು ಕಾರಲ್ಲಿ ಹೈವೇ ಹಿಡಿದು ಆರಾಮಾಗಿ ಬನ್ನಿ. ಊಟದ ಕ್ಯಾರಿಯರ್ ನಿಮ್ಮ ಹತ್ತಿರ ಇರಲಿ.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಚಹಾದ ಲೋಟದೊಳಗೆ ನೋಡುತ್ತಿದ್ದಳು.

ಹೊರಗೆ ಅಂಗಳದಲ್ಲಿ ಹಿಡಿದು ಕೇಳಿದೆ, “ಯಾಕೆ ಸುಮ್ನಿದ್ದೆ?”

“ಏನ್ ಯೋಳಬೇಕಿತ್ತು?”

“ಯಾವಾಗ್ಲೂ ಹೇಳೋದು.”

“ನಿಮ್ಮ ಬಾಯಿಗೆ ಏನಾಗ್ಯದೆ? ಬೇಕು ಅನ್ನೋದನ್ನ ನನ್ನ ಕೈಲಿ ಅನ್ನಿಸ್ಕಂಡು, ಆಮೇಲೆ ದೋಣೀಲಿ ಕೂತು ನನ್ನೇ ಬೈಯೋದು. ನಿನ್ನಿಂದ ಬಂದೆ ಅನ್ನೋದು. ಈ ಸಲ ನಾ ಯೋಳಕಿಲ್ಲ ಕಣ್ರೀ. ಬೇಕಿದ್ರೆ ಬಾಯ್ಬಿಡಿ, ಇಲ್ದಿದ್ರೆ ಕ್ಯಾರಿಯರ್ ಹಿಡ್ಕಳಿ.”

ನಾನು ಕ್ಯಾರಿಯರ್ ಹಿಡಿದುಕೊಂಡೆ. ಬೀಗರ ಮನೆಯಲ್ಲಿ ಬಾಯಿಬಿಟ್ಟು ಬೇಕು ಅಂದ ಉದಾಹರಣೆ ನಮ್ಮ ಮನೆತನದಲ್ಲಿ ಇಲ್ಲ. ನಮ್ಮಪ್ಪ ಹೊಟ್ಟೆ ಹಸಿದು ಕೂತಿದ್ದರೂ ಈಗ ತಾನೇ ಊಟವಾಯಿತು ಅನ್ನುತ್ತಿದ್ದವರು.

ಮರುದಿನ ಅವರು ಸಮುದ್ರದಲ್ಲಿ ಹೋದರು, ನಾನು ಹೈವೇಯಲ್ಲಿ ಹೋದೆ. ಮರವಂತೆಯಲ್ಲಿ ರಸ್ತೆ ಸಮುದ್ರದ ಪಕ್ಕಕ್ಕೇ ಬಂದುಬಿಡುತ್ತದೆ. ಅಲ್ಲಿ ಕಾರು ನಿಲ್ಲಿಸಿದೆ. ದೂರದಲ್ಲಿ ಬಿಳಿ ಹಾಯಿ ಕಂಡಿತು, ಕೊಂಚ ವಾಲಿಕೊಂಡು, ನನ್ನ ಹಂಗಿಲ್ಲದೆ ಉತ್ತರಕ್ಕೆ ಹೋಗುತ್ತಿತ್ತು. ಬೆಳಗಿನ ಗಾಳಿ ನೆಲದ ಕಡೆಯಿಂದ, ಅಂದರೆ ನನ್ನ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ನನ್ನನ್ನು ದಾಟಿ ಹೋದ ಗಾಳಿಯೇ ಅಲ್ಲಿ ಅವರನ್ನು ಓಡಿಸುತ್ತಿದೆ ಅಂತ ಅರ್ಥ. ಪಕ್ಕದ ಸೀಟಿನಲ್ಲಿ ಕ್ಯಾರಿಯರ್ ಇತ್ತು, ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ. ಹಿಂದೆ ಒಂದು ಲಾರಿ ಹಾರ್ನು ಹೊಡೆಯಿತು. ಹೊರಟೆ.

ಬೈಂದೂರಿನ ಹತ್ತಿರ, ಬಂಡೆಗಳ ಮರೆಯ ಸಣ್ಣ ದಂಡೆಯಲ್ಲಿ ನಾನು ಮೊದಲು ಬಂದು ಜಮಖಾನ ಹಾಸಿ ಕೂತಿದ್ದೆ. ಅವರು ದೋಣಿಗೆ ಲಂಗರು ಹಾಕಿ, ಮೊಣಕಾಲು ನೀರಿನಲ್ಲಿ ನಗುತ್ತಾ ನಡೆದು ಬಂದರು. ಹೆಂಡತಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ದಾರಿಯಲ್ಲಿ ಡಾಲ್ಫಿನ್ ಕಂಡಿತಂತೆ. ಎರಡು ಕಂಡವು ಅಂದಳು ಮಗಳು. ನಾನು ಎಲ್ಲರಿಗೂ ಚಿತ್ರಾನ್ನ ಬಡಿಸಿದೆ. ಬೀಗರು ಸಾಕು ಅಂದಾಗ ನಿಲ್ಲಿಸಿದೆ.

ಊಟ ಮುಗಿಯುವ ಹೊತ್ತಿಗೆ ಗಾಳಿ ತಿರುಗಿ ಸಮುದ್ರದ ಮೇಲಿನಿಂದ, ವಾಯವ್ಯದಿಂದ ಬರತೊಡಗಿತು. “ಹೊರಡುವ, ಈಗ ಬೆನ್ನಿಗೆ ಗಾಳಿ, ಒಳ್ಳೆ ಓಟ,” ಅಂತ ಬೀಗರು ಎದ್ದು ನೀರಿಗಿಳಿದರು. ಅಳಿಯ ಖಾಲಿ ಕ್ಯಾರಿಯರ್ ತಂದು ನನ್ನ ಕೈಗೆ ಕೊಟ್ಟ. ಅದನ್ನು ಹಿಡಿದು ನಿಂತೆ. ಹಿಡಿಕೆ ಬಿಸಿಲಿಗೆ ಕಾದಿತ್ತು.

“ಬೀಗರೇ,” ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು, ಎಲ್ಲರೂ ತಿರುಗಿದರು. “ನಾನು ದೋಣೀಲಿ ಬರ್ತೀನಿ. ನನಗೆ ಬರಬೇಕು ಅಂತ ಇದೆ.”

ಅವರು ಅನುಮಾನದಿಂದ ನನ್ನ ಹೆಂಡತಿಯ ಕಡೆ ತಿರುಗಿ, “ಇದು ಬರ್ತೇನೆ ಅಂತಲೇ ಅಲ್ವಾ? ಬೇರೆ ಎಂತ ಅಲ್ವಲ್ಲ?” ಅಂದರು.

“ಅದೇ ಬೀಗರೇ,” ಅಂದಳು. ಅಷ್ಟೇ ಅಂದಳು.

“ಹಾಗಾದ್ರೆ ಬನ್ನಿ,” ಅಂದರು. ಒತ್ತಾಯವಿಲ್ಲ, ಉಪಚಾರವಿಲ್ಲ. ಅಳಿಯ ಕ್ಯಾರಿಯರ್ ಇಸಿದುಕೊಂಡು, ಕಾರಿನ ಬೀಗದ ಕೈಗೆ ಕೈ ಚಾಚಿದ. ನಾನು ಪ್ಯಾಂಟು ಮಡಚಿಕೊಂಡು ನೀರಿಗಿಳಿದೆ.

ಹಾಯಿಕಂಬದ ಎಡಕ್ಕೆ ಹಲಗೆ ಖಾಲಿಯಿತ್ತು. ಹಾಯಿ ತುಂಬಿಕೊಂಡಿತು, ಹಾಲಿನ ಸದ್ದು ಶುರುವಾಯಿತು. ಯಾರೋ ಹಗ್ಗ ಕೊಟ್ಟರು, ಹಿಡಿದೆ. ಮರವಂತೆಯ ಹತ್ತಿರ ಬಂದಾಗ ಬೆಳಿಗ್ಗೆ ನಾನು ನಿಂತಿದ್ದ ಜಾಗ ಕಂಡಿತು. ಬೆಂಕಿಪೊಟ್ಟಣದಂಥ ವಾಹನಗಳು ಸದ್ದಿಲ್ಲದೆ ಸಾಗುತ್ತಿದ್ದವು. ಅದರಲ್ಲಿ ಒಂದು ನನ್ನದಿರಬೇಕು.

“ಅವನಿಗೆ ಹೇಳೋದೇ ಮರೆತೆ,” ಅಂದೆ, “ಕಾರಿನ ಎರಡನೇ ಗೇರು ಸ್ವಲ್ಪ ಬಿಗಿ.”

“ಹಗ್ಗ ಬಿಡಿ,” ಅಂದರು ಬೀಗರು.

ಬಿಟ್ಟೆ.